ಒಳಗೆ ನೋಡದೆ ರಸ್ತೆ ಅಗೆಯಬೇಡಿ

ಒಡೆದ ಒಳಚರಂಡಿ ಪೈಪುಗಳನ್ನೆಲ್ಲ ಅಗೆದು ಹೊಸದು ಹಾಕುವುದೇ ಸರಿ ಎಂದು ಒಂದು ಲೇಖನದಲ್ಲಿ ಓದಿದೆ. ಎಲ್ಲ ಕಡೆ ಅದು ಬೇಕಾಗಿಲ್ಲ. ಮೊದಲು ಕ್ಯಾಮೆರಾ ಇಳಿಸಿ ನೋಡಲಿ. ಬಿರುಕು ಬಿಟ್ಟಿದ್ದರೂ ಪೈಪಿನ ಆಕಾರ ಉಳಿದಿದ್ದರೆ ಒಳಗಿಂದಲೇ ಲೈನಿಂಗ್ ಮಾಡಬಹುದು. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಮ್ಯಾನ್‌ಹೋಲಿನಿಂದ ತೂರಿಸಿ, ಬಿಸಿನೀರು ಇಲ್ಲವೇ ಹಬೆ ಕೊಟ್ಟರೆ ಅದು ಗಟ್ಟಿಯಾಗಿ ಹಳೇ ಪೈಪಿನೊಳಗೇ ಹೊಸ ಪೈಪ್ ಆಗುತ್ತದೆ. ಲಂಡನ್ನಿನಲ್ಲಿ 1971ರಲ್ಲೇ ಇದನ್ನು ಮಾಡಿದ್ದಾರೆ. ಆಮೇಲೆ ಮನೆ ಕನೆಕ್ಷನ್‌ಗಳ ಬಾಯಿಯನ್ನು ಒಳಗಿಂದ ಕೊರೆದು ತೆರೆಯಬೇಕು. ಮರೆತರೆ ಕೊಳಕು ನೀರು ಬಚ್ಚಲಿಗೇ ವಾಪಸ್.

ಆದರೆ ಪೈಪ್ ಕುಸಿದಿದ್ದರೆ, ಅಥವಾ ನಡುವೆ ತಗ್ಗಾಗಿ ನೀರು ನಿಲ್ಲುತ್ತಿದ್ದರೆ ಲೈನಿಂಗ್ ಸುಮ್ನೆ ದಂಡ. ತಗ್ಗು ಹಾಗೇ ಉಳಿಯುತ್ತದೆ. ಅಲ್ಲಿ ಅಗೆಯಲೇಬೇಕು.

ನಮ್ಮ ಬೀದಿಯಲ್ಲಿ ಉದ್ದಕ್ಕೂ ಅಗೆದರು. ಕೆಟ್ಟಿದ್ದು ಒಂದೇ ಜಾಯಿಂಟ್, ಹೊಂಗೆ ಬೇರು ಜಡೆಯ ಹಾಗೆ ಹೆಣೆದುಕೊಂಡಿತ್ತು. ಪಕ್ಕದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪುಗಳು ತಟ್ಟಿದರೆ ಗಟ್ಟಿ ಮಡಕೆಯ ಹಾಗೆ ಠಣ್ ಎನ್ನುತ್ತಿದ್ದವು. ಅವನ್ನೂ ಒಡೆದು ಹಾಕಿದರು. ನೋಡಿ ಹೊಟ್ಟೆ ಉರಿಯಿತು. ಟೆಂಡರ್ ಕರೆಯುವ ಮೊದಲು ಕ್ಯಾಮೆರಾದಲ್ಲಿ ಕಂಡದ್ದನ್ನು ವಾರ್ಡಿನ ಜನಕ್ಕೂ ತೋರಿಸಬೇಕು, ಅಲ್ವಾ?