ಎಕ್ಸ್‌ಪ್ರೆಸ್ ಬಸ್ಸು ಮತ್ತು ಕಪ್ಪು ನಂಬರ್ ಪ್ಲೇಟು

ಕರಾವಳಿ ನೋಡಲು ಬರುವ ನೆಂಟರು ಮೊದಲು ಕೇಳುವುದು ಇದನ್ನೇ: "ಬಾಡಿಗೆ ಕಾರು ಮಾಡಬೇಕಾ, ಬಸ್ಸಲ್ಲೇ ಆಗ್ತದಾ?" ಮಂಗಳೂರಿಂದ ಕುಂದಾಪುರದ ತನಕವಾದರೆ ಬಸ್ಸು ಧಾರಾಳವಾಯಿತು ಅನ್ನುತ್ತೇನೆ. ಇಲ್ಲಿ ನೀವು ಬಸ್ಸು ಹುಡುಕಬೇಕಿಲ್ಲ, ಬಸ್ಸೇ ನಿಮ್ಮನ್ನು ಹುಡುಕುತ್ತದೆ. ರಸ್ತೆ ಬದಿ ನಿಂತು ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಸಾಕು, ಎಕ್ಸ್‌ಪ್ರೆಸ್ಸು ಬ್ರೇಕ್ ಹಾಕುತ್ತದೆ. ನೀವು ಹತ್ತುವುದಿಲ್ಲ ಅಂತ ಗೊತ್ತಾದಾಗ ಕಂಡಕ್ಟರ್ ನೋಡುವ ನೋಟ ಇದೆಯಲ್ಲ, ಸಾಲ ತಗೊಂಡು ತಲೆಮರೆಸಿಕೊಂಡವರನ್ನೂ ಹಾಗೆ ನೋಡುವುದಿಲ್ಲ.

ಈ ಗಡಿಬಿಡಿಗೆಲ್ಲ ಕಾರಣ ಟೈಮಿಂಗು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು. ಒಂದರ ಬೆನ್ನಿಗೆ ಇನ್ನೊಂದು, ನಡುವೆ ಕೆಲವೇ ನಿಮಿಷ. ಮುಂದಿನವನು ಎರಡು ನಿಮಿಷ ಎಳೆದಾಡಿದರೆ ಹಿಂದಿನವನ ಜನರೆಲ್ಲ ಅವನ ಬಸ್ಸು ಹತ್ತಿರುತ್ತಾರೆ. ಆಮೇಲೆ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಎದುರು ಜಗಳ. ಜಗಳ ಮುಗಿಯುವ ಮೊದಲೇ ಬಸ್ಸು ಹೊರಡಬೇಕಾದ್ದರಿಂದ ಅದು ಯಾವತ್ತೂ ಪೂರ್ತಿಯಾದದ್ದಿಲ್ಲ. ಒಳಗೆ ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ" ಅಂತ ತುಳುವಿನಲ್ಲಿ ಎಲ್ಲರನ್ನೂ ಹಿಂದಕ್ಕೆ ತಳ್ಳುತ್ತಿರುತ್ತಾನೆ. ಹಿಂದೆ ಜಾಗ ಇದೆ ಅಂತ ನಂಬುವವನು ಇಡೀ ಬಸ್ಸಿನಲ್ಲಿ ಅವನೊಬ್ಬನೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ತಮಾಷೆ. ಹೆಂಗಸರಿಗೆ ಟಿಕೆಟ್ ಇಲ್ಲದ್ದು ಸರಕಾರಿ ಬಸ್ಸಿನಲ್ಲಿ, ಈ ಕಡೆ ಜಾಸ್ತಿ ಓಡುವುದು ಖಾಸಗಿ. ಸರಕಾರಿ ಬಸ್ಸಿಗೆ ಕಾಯೋಣ ಅನ್ನುವ ಅಮ್ಮ, ಹೊತ್ತಾಯಿತು ಅನ್ನುವ ಮಗಳು. ಗೆಲ್ಲುವುದು ಸಾಧಾರಣವಾಗಿ ಮಗಳು, ದುಡ್ಡು ಕೊಡುವುದು ಅಮ್ಮ.

ರೈಲು ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಯಿತು. ಹೊನ್ನಾವರದಲ್ಲಿ ಶರಾವತಿ ದಾಟುವಾಗ ಮೊಬೈಲು ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ಸೇತುವೆಯೇ ಎರಡು ಕಿಲೋಮೀಟರಿಗಿಂತ ಉದ್ದ. ಆದರೆ ರೈಲಿಗೂ ಊರಿಗೂ ಅಷ್ಟಕ್ಕಷ್ಟೇ. ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ. ಗೋಕರ್ಣ ರೋಡ್ ಅಂತ ಇಳಿದರೆ ಸಿಗುವುದು ರೋಡು. ಗೋಕರ್ಣ ಇನ್ನೂ ದೂರ. ಮಂಗಳೂರಿಗೆ ಸೆಂಟ್ರಲ್, ಜಂಕ್ಷನ್ ಅಂತ ಎರಡು ನಿಲ್ದಾಣ, ಕೇರಳದಿಂದ ಗೋವಾ ಕಡೆ ಹೋಗುವ ಎಷ್ಟೋ ರೈಲು ಸೆಂಟ್ರಲ್ಲಿಗೆ ಬರುವುದೇ ಇಲ್ಲ. ರೈಲಿನಲ್ಲಿ ಉಳಿಸಿದ್ದನ್ನು ಆಟೋದಲ್ಲಿ ಕಳೆಯುತ್ತೀರಿ.

ಇನ್ನು ಕಾರು. ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟು, ಹಳದಿ ಅಕ್ಷರ. ಅದನ್ನು ಕಂಡ ಕೂಡಲೇ ಎಳನೀರಿನವನಿಗೆ, ಬೋಟಿನವನಿಗೆ, ಪಾರ್ಕಿಂಗಿನವನಿಗೆ ನಿಮ್ಮ ಜಾತಕ ಗೊತ್ತಾಗುತ್ತದೆ. ಹೆದ್ದಾರಿ ಚೆನ್ನಾಗಿಯೇ ಇದೆ, ಆದರೆ ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು ಅಂತ ಕಾರಿನವರು ನೆನಪಿಡುವುದು ಟೋಲ್ ಗೇಟುಗಳನ್ನು. ಬಸ್ಸಿನವರಿಗೆ ಹೊಳೆಗಳು ನೆನಪಿರುತ್ತವೆ, ಕಿಟಕಿ ಹೊರಗೆ ನೋಡಲು ಪುರುಸೊತ್ತು ಇರುತ್ತದೆ ನೋಡಿ. ಒಂದು ಕಡೆ ಮಾತ್ರ ಕಾರಿಗೇ ನನ್ನ ಓಟು: ಮರವಂತೆ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಬಸ್ಸಿನ ಡ್ರೈವರಿಗೆ ಅದು ಬರೀ ಓವರ್‌ಟೇಕ್ ಮಾಡಲು ಒಳ್ಳೆಯ ನೇರ ರಸ್ತೆ.

ಶಿರೂರು ದಾಟಿ ಭಟ್ಕಳ ಬಂತೆಂದರೆ ಲೆಕ್ಕವೇ ಬೇರೆ. ತುಳು ಆಗಲೇ ಹಿಂದೆ ಬಿದ್ದಿರುತ್ತದೆ, ಕುಂದಾಪುರದ "ಹ್ವಾಯ್" ಕೂಡ ಮುಗಿಯುತ್ತದೆ. ಉತ್ತರ ಕನ್ನಡದಲ್ಲಿ ಸರಕಾರಿ ಬಸ್ಸಿನದೇ ರಾಜ್ಯ, ಅದು ತನಗೆ ಮನಸ್ಸು ಬಂದಾಗ ಬರುತ್ತದೆ. ಒಳಗಿನ ಬೀಚು, ದೇವಸ್ಥಾನ ಅಂತ ತಿರುಗುವುದಾದರೆ, ಜೊತೆಗೆ ವಯಸ್ಸಾದವರಿದ್ದರೆ, ಕಾರು ಮಾಡಿಕೊಳ್ಳಿ. ಬೇಡ ಅನ್ನುವುದಿಲ್ಲ.

ರಾತ್ರಿಯ ವಿಷಯವೂ ಹಾಗೆಯೇ. ಹಳ್ಳಿ ಕಡೆಯ ಕೊನೆಯ ಬಸ್ಸು ಊಟದ ಹೊತ್ತಿಗೆಲ್ಲ ಹೋಗಿಬಿಡುತ್ತದೆ. ಯಕ್ಷಗಾನಕ್ಕೆ ಬಸ್ಸಲ್ಲಿ ಹೋದವರು ಬೆಳಗಿನ ಮೊದಲ ಬಸ್ಸಿನ ತನಕ ಕೂತು ಆಟ ಪೂರ್ತಿ ನೋಡುತ್ತಾರೆ. ಕಾರಿನಲ್ಲಿ ಹೋದವರಿಗೆ ಮಹಿಷಾಸುರ ಬಂದು ಹೋದ ಕೂಡಲೇ ನಾಳೆಯ ಆಫೀಸು ನೆನಪಾಗುತ್ತದೆ.