ಅಮ್ಮನ ಜೀರೋ ಬಿಲ್ಲು, ನನ್ನ ಹೀಟಿಂಗ್ ಬಿಲ್ಲು

ಹೋದ ವಾರ ಮನೆ ಓನರ್ ಕಡೆಯಿಂದ ಒಂದು ಕವರ್ ಬಂತು, ಒಡೆದು ನೋಡಿದ್ರೆ 2025ರ ಹೀಟಿಂಗ್ ಲೆಕ್ಕ, ತಿಂಗಳು ತಿಂಗಳು ಕಟ್ಟಿದ್ದು ಸಾಕಾಗಿಲ್ಲ ಇನ್ನೂ 387 ಯೂರೋ ಕಟ್ಟಿ ಅಂತ. ಸ್ಟುಟ್‌ಗಾರ್ಟ್‌ಗೆ ಬಂದು ಆರು ವರ್ಷ ಆಯ್ತು, ಈ ಕವರ್ ವರ್ಷಾ ವರ್ಷಾ ಬರೋದೇ, ಆದ್ರೆ ಈ ಸಲ ಒಂದು ಸಾಲಿನ ಮೇಲೆ ಕಣ್ಣು ನಿಂತ್ಬಿಡ್ತು. ಕಾರ್ಬನ್ ಬೆಲೆ ಅಂತೆ. ನೀವು ಸುಟ್ಟ ಗ್ಯಾಸಿಂದ ಇಷ್ಟು ಹೊಗೆ ಹೋಯ್ತು, ಅದಕ್ಕೆ ಇಷ್ಟು ದುಡ್ಡು. ಜರ್ಮನಿಯೋರು ಇದನ್ನ 2021ರಲ್ಲಿ ಟನ್ನಿಗೆ 25 ಯೂರೋ ಅಂತ ಶುರು ಮಾಡಿದ್ರು, 2025ಕ್ಕೆ 55 ಆಯ್ತು.

ಅದೇ ಸಂಜೆ ತಿಪಟೂರಿಗೆ ಫೋನ್ ಮಾಡಿದ್ರೆ ಅಮ್ಮಂಗೆ ಖುಷಿಯೋ ಖುಷಿ, "ಈ ತಿಂಗಳೂ ಜೀರೋ ಬಿಲ್ ಕಣಪ್ಪ."

ನಂಗೆ ಉರೀತು, ಸುಳ್ಳು ಯಾಕೆ ಹೇಳ್ಲಿ.

ಇಲ್ಲಿ ಮನೆ ಬೆಚ್ಚಗಿಡೋ ಪ್ರತಿ ರೇಡಿಯೇಟರ್ ಮೇಲೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ಮೀಟರ್ ಅಂಟಿಸಿರ್ತಾರೆ, ರೂಮು ರೂಮಿಗೂ ಲೆಕ್ಕ. ರೇಡಿಯೇಟರ್ ತಿರುಪಿನ ಮೇಲೆ ಒಂದರಿಂದ ಐದು ನಂಬರು, ಮೂರಕ್ಕಿಟ್ರೆ ಇಪ್ಪತ್ತು ಡಿಗ್ರಿ, ನಾಲ್ಕಕ್ಕೆ ಕೈ ಹೋದ್ರೆ ಸಾಕು ಹೆಂಡತಿ "ಸ್ವೆಟರ್ ಹಾಕ್ಕೊಳ್ರೀ" ಅಂತಾಳೆ. ಹೀಟರ್ ಹಾಕ್ಕೊಂಡು ಕಿಟಕಿ ಓರೆ ಮಾಡಿಟ್ಟಿದ್ದಕ್ಕೆ ಪಕ್ಕದ ಮನೆ ಅಜ್ಜಿ ಮೆಟ್ಟಿಲ ಮೇಲೆ ನಿಲ್ಲಿಸ್ಕೊಂಡು ಬುದ್ಧಿ ಹೇಳಿದ್ರು, ಐದು ನಿಮಿಷ ಪೂರ್ತಿ ತೆಗಿ, ಆಮೇಲೆ ಮುಚ್ಚು. ಆಯಮ್ಮ ಪರಿಸರ ಉಳಿಸೋಕೆ ಹೇಳಿದ್ದಲ್ಲ ಬಿಡಿ, ದುಡ್ಡು ಉಳಿಸೋಕೆ. ಕರೆಂಟು ಯೂನಿಟ್ಟಿಗೆ 35-40 ಸೆಂಟ್ ಇರೋ ಊರಲ್ಲಿ ಎಲ್ರ ಕೈನೂ ತಾನಾಗೇ ಸ್ವಿಚ್ ಹತ್ರ ಹೋಗುತ್ತೆ.

ನಮ್ಮೂರಲ್ಲಿ? ಬಚ್ಚಲುಮನೇಲಿ ಹಂಡೆ ಒಲೆ ಇತ್ತು, ಕರಟ, ಗರಿ, ಮಟ್ಟೆ ಹಾಕಿದ್ರೆ ಹಂಡೆ ತುಂಬ ಸುಡೋ ನೀರು, ಒಂದು ಪೈಸೆ ಖರ್ಚಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ್ಮೇಲೆ ಗೀಸರ್ ಬಂತು, ಕರಟ ಹಿತ್ತಲಲ್ಲಿ ಮಳೆಗೆ ನೆನೀತಾ ಬಿದ್ದಿದೆ. ಸರ್ಕಾರ ಶುರುವಲ್ಲಿ ಹಾಕಿದ ಲೆಕ್ಕನೂ ನೋಡಿ, ಹಿಂದೆ ಬಳಸಿದ ಸರಾಸರಿ ಮೇಲೆ 10 ಪರ್ಸೆಂಟ್ ಸೇರಿಸಿ, 200 ಯೂನಿಟ್ ಒಳಗೆ ಫ್ರೀ. ಅಂದ್ರೆ ಮೊದ್ಲಿಂದ ಲೈಟ್ ಆರ್ಸಿ ಆರ್ಸಿ ಬದುಕಿದೋರಿಗೆ ಕಮ್ಮಿ, ಧಾರಾಳವಾಗಿ ಉರಿಸಿದೋರಿಗೆ ಜಾಸ್ತಿ! ಇನ್ನು ತೋಟದ ಮೋಟ್ರಿನ ಕಥೆ ಕೇಳಲೇಬೇಡಿ, 10 ಎಚ್‌ಪಿ ತನಕ ಫ್ರೀ, ನಮ್ಮ ಚಿಕ್ಕಪ್ಪ ಆಟೋ ಸ್ಟಾರ್ಟರ್ ಹಾಕಿಸ್ಬಿಟ್ಟಿದಾರೆ, ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದ್ರೂ ಮೋಟ್ರು ಎದ್ದು ಓಡುತ್ತೆ, ಮಳೆ ಬಂದು ತೆಂಗಿನ ಪಾತಿ ತುಂಬಿದ್ರೂ ಓಡುತ್ತೆ. ಆರ್ಸೋಕೆ ಯಾರೂ ಹೋಗಲ್ಲ, ಯಾಕೆ ಹೋಗ್ಬೇಕು? ನಮ್ಮ ಜಿಲ್ಲೆ ಪಾವಗಡದಲ್ಲೇ 2050 ಮೆಗಾವ್ಯಾಟ್ ಸೋಲಾರ್ ಇದೆಯಲ್ಲ ಅಂತಾರೆ ಚಿಕ್ಕಪ್ಪ. ರಾತ್ರಿ ಎರಡು ಗಂಟೆಗೆ ಯಾವ ಸೂರ್ಯ ಚಿಕ್ಕಪ್ಪ, ಅದಕ್ಕೆ ರಾಯಚೂರಲ್ಲಿ ಕಲ್ಲಿದ್ದಲು ಸುಡ್ಬೇಕು.

ಇಷ್ಟೆಲ್ಲ ಫೋನಲ್ಲಿ ಅಮ್ಮಂಗೆ ಉಪದೇಶ ಮಾಡ್ತಾ ಕೈಲಿದ್ದ ಬಿಲ್ ತಿರುಗಿಸಿದೆ. ಒಂದು ವರ್ಷಕ್ಕೆ ಸುಮಾರು 10,000 ಯೂನಿಟ್ ಗ್ಯಾಸ್, ಎರಡು ಟನ್ ಕಾರ್ಬನ್ ಡೈಆಕ್ಸೈಡ್. ಒಬ್ಬ ಸಾಮಾನ್ಯ ಭಾರತೀಯನ ಲೆಕ್ಕಕ್ಕೆ ಬರೋದು ಅಡುಗೆ, ಕರೆಂಟು, ಬಸ್ಸು, ಸಿಮೆಂಟು ಎಲ್ಲ ಸೇರಿ ವರ್ಷಕ್ಕೆ ಹೆಚ್ಚುಕಮ್ಮಿ ಅಷ್ಟೇ, ಎರಡು ಟನ್. ನಾವಿಬ್ಬರು ಬರೀ ಮನೆ ಬೆಚ್ಚಗಿಟ್ಕೊಳ್ಳೋಕೆ ಅದನ್ನ ಮುಗಿಸ್ತೀವಿ. ಎಂಟು ಕೋಟಿ ಚಿಲ್ರೆ ಜನ ಇರೋ ದೇಶದಲ್ಲಿ ಕೂತು ನಮ್ಮ ಜನಸಂಖ್ಯೆ ಬಗ್ಗೆ ಕ್ಯಾಂಟೀನಲ್ಲಿ ಮಾತಾಡ್ತಾರಲ್ಲ, ಅವರಲ್ಲಿ ತಲೆಗೆ ಏಳೆಂಟು ಟನ್. ಮತ್ತೆ ನಾನು ವರ್ಷಕ್ಕೊಂದ್ಸಲ ಊರಿಗೆ ಬರೋ ವಿಮಾನ, ಅದರ ಇಂಧನಕ್ಕೆ ಈ ಕಾರ್ಬನ್ ಬೆಲೆ ಇಲ್ಲವೇ ಇಲ್ಲ.

ಒಲೆ ವಿಷ್ಯನೂ ಅಷ್ಟೇ. ಆ ಹೊಗೇಲಿ ಮೂವತ್ತು ವರ್ಷ ಕಣ್ಣುರಿಸ್ಕೊಂಡು ಊದಿದ್ದು ಅಮ್ಮ, ನಾನಲ್ಲ. ನಾನು ಎದ್ದು ಬರೋ ಹೊತ್ತಿಗೆ ನೀರು ಕಾದಿರ್ತಿತ್ತು.

"ಎರಡು ಟನ್ ಅಂದ್ರೆ ಎಷ್ಟಪ್ಪ?" ಅಂದ್ರು.

"ಇಪ್ಪತ್ತು ಕ್ವಿಂಟಾಲ್ ಅಮ್ಮ."

"ಇಪ್ಪತ್ತು ಕ್ವಿಂಟಾಲ್ ಕೊಬ್ರಿಯಷ್ಟು ಹೊಗೆ ಬಿಟ್ಟು ನನ್ ಗೀಸರ್ ಮೇಲೆ ಕಣ್ಣು ಹಾಕ್ತೀಯಲ್ಲೋ!"

ಫೋನ್ ಇಟ್ಟು ತಿರುಪನ್ನ ಎರಡಕ್ಕೆ ತಂದೆ. ಹತ್ತು ನಿಮಿಷಕ್ಕೆ ಹೆಂಡತಿ ಬಂದು ಮತ್ತೆ ಮೂರಕ್ಕಿಟ್ಳು.