ಯಾವ ಸಂಬಳಕ್ಕೆ ಜನ ಸಿಗುತ್ತಿಲ್ಲ?

ನಗರವೊಂದರ ಉದ್ಯೋಗ ಮಾರುಕಟ್ಟೆಯನ್ನೂ ಅಲ್ಲಿನ ದುಡಿಯುವ ಜನರ ಕೌಶಲಗಳನ್ನೂ ಅಧ್ಯಯನ ಮಾಡುವುದು ನನ್ನ ವೃತ್ತಿ. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ಮಾತು ಒಂದೇ: "ಕೆಲಸ ಬೇಕಾದಷ್ಟಿದೆ, ಕೌಶಲ ಇರುವ ಜನ ಸಿಗುತ್ತಿಲ್ಲ." ಉದ್ಯಮಿಗಳ ಸಭೆಗಳಲ್ಲಿ, ತರಬೇತಿ ಸಂಸ್ಥೆಗಳ ಮನವಿಗಳಲ್ಲಿ, ಆಡಳಿತದ ಟಿಪ್ಪಣಿಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಯೆಂದರೆ, ಅದಕ್ಕೆ ಪುರಾವೆ ಕೇಳುವುದನ್ನೇ ನಾವು ಮರೆತಿದ್ದೇವೆ. ಹೀಗೆ ಹೇಳುವವರು ಸುಳ್ಳಾಡುತ್ತಿದ್ದಾರೆಂದು ನನಗೆ ಎಂದೂ ಅನ್ನಿಸಿಲ್ಲ. ಕೆಲಸಗಾರರಿಗಾಗಿ ತಿಂಗಳುಗಟ್ಟಲೆ ಹುಡುಕಿ ಸೋತ ಮಾಲೀಕರ ಕಷ್ಟ ನಿಜವಾದದ್ದೇ. ಆದರೆ ಆ ಮಾತನ್ನು ಕೇಳಿದ ಹಾಗೆಯೇ ವರದಿಗೆ ಇಳಿಸುವುದು ನಮ್ಮ ವೃತ್ತಿಯ ದೊಡ್ಡ ಲೋಪ ಎಂದು ನಾನು ನಂಬಿದ್ದೇನೆ. ಯಾವ ಸಂಬಳಕ್ಕೆ, ಯಾವ ಷರತ್ತುಗಳ ಮೇಲೆ ಜನ ಸಿಗುತ್ತಿಲ್ಲ ಎಂಬುದನ್ನು ಆ ಮಾತು ಹೇಳುವುದೇ ಇಲ್ಲ.

ಈ ಲೋಪ ನನ್ನಿಂದಲೂ ಆಗಿದೆ. ವೃತ್ತಿಗೆ ಬಂದ ಹೊಸತರಲ್ಲಿ, ಮಾಲೀಕರ ನಡುವೆ ನಡೆಸಿದ ಸಮೀಕ್ಷೆಯೊಂದನ್ನು ನಂಬಿ, ನಗರದಲ್ಲಿ ವೆಲ್ಡರುಗಳ ಕೊರತೆ ಇದೆ ಎಂದು ಬರೆದೆ. ಅದರ ಆಧಾರದ ಮೇಲೆ ತರಬೇತಿ ಸೀಟುಗಳು ಹೆಚ್ಚಾದವು. ಮುಂದೆ ಆ ತರಬೇತಿ ಮುಗಿಸಿದ ಕೆಲವರನ್ನು ಹುಡುಕಿ ಮಾತನಾಡಿಸಿದಾಗ, ಅವರಲ್ಲಿ ಹೆಚ್ಚಿನವರು ಸಾಮಾನು ತಲುಪಿಸುವ ಕೆಲಸದಲ್ಲೋ, ವಾಹನ ಓಡಿಸುವ ಕೆಲಸದಲ್ಲೋ ಇದ್ದರು. ಕಸುಬು ಅವರಿಗೆ ಬಾರದೆ ಇರಲಿಲ್ಲ, ಕೈ ಚೆನ್ನಾಗಿಯೇ ಪಳಗಿತ್ತು. ಆದರೆ ಇಡೀ ದಿನ ಕಿಡಿ ಮತ್ತು ಹೊಗೆಯ ನಡುವೆ ದುಡಿದರೂ ಸಿಗುತ್ತಿದ್ದ ಸಂಬಳ, ಯಾವ ತರಬೇತಿಯೂ ಬೇಡದ ಕೆಲಸದ ಸಂಬಳಕ್ಕಿಂತ ಹೆಚ್ಚೇನೂ ಇರಲಿಲ್ಲ. ಅದೂ ಗುತ್ತಿಗೆದಾರನ ಮರ್ಜಿ ಇರುವ ತನಕ. ತಮ್ಮ ಬದುಕಿನ ಬೆಲೆಬಾಳುವ ತಿಂಗಳುಗಳನ್ನು ಕಲಿಕೆಗೆ ಕೊಟ್ಟಿದ್ದ ಆ ಯುವಕರ ಮುಂದೆ ನನ್ನ ವರದಿಯನ್ನು ಸಮರ್ಥಿಸಿಕೊಳ್ಳಲು ನನ್ನಲ್ಲಿ ಮಾತಿರಲಿಲ್ಲ. ಎಷ್ಟು ಹುದ್ದೆ ಖಾಲಿ ಇವೆ ಎಂದು ಮಾಲೀಕರನ್ನು ಕೇಳಿದ್ದ ನಾನು, ಎಷ್ಟು ಕೊಡುತ್ತೀರಿ ಎಂದು ಕೇಳಿರಲಿಲ್ಲ.

ಅರ್ಥಶಾಸ್ತ್ರಕ್ಕೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದಲ್ಲಿ ಇಂಜಿನಿಯರ್‌ಗಳೂ ವಿಜ್ಞಾನಿಗಳೂ ಸಾಲುತ್ತಿಲ್ಲ ಎಂಬ ಕೂಗು ಜೋರಾಗಿದ್ದ ಕಾಲದಲ್ಲಿ, 1957ರಲ್ಲಿ, ಡೇವಿಡ್ ಬ್ಲ್ಯಾಂಕ್ ಮತ್ತು ಜಾರ್ಜ್ ಸ್ಟಿಗ್ಲರ್ ಆ ಕೂಗನ್ನು ಒಂದು ಸರಳ ಒರೆಗಲ್ಲಿಗೆ ಹಚ್ಚಿದರು. ನಿಜವಾಗಿಯೂ ಕೊರತೆ ಇದ್ದಿದ್ದರೆ ಇಂಜಿನಿಯರ್‌ಗಳ ಗಳಿಕೆ ಉಳಿದವರ ಗಳಿಕೆಗಿಂತ ವೇಗವಾಗಿ ಏರಬೇಕಿತ್ತು. 1929ರಿಂದೀಚಿನ ಅಂಕಿಅಂಶಗಳಲ್ಲಿ ಅವರಿಗೆ ಕಂಡದ್ದು, ಆ ಗಳಿಕೆ ಉಳಿದವರ ಗಳಿಕೆಗೆ ಹೋಲಿಸಿದರೆ ಇಳಿಯುತ್ತಾ ಬಂದಿತ್ತು ಎಂಬುದು. ಎರಡು ವರ್ಷಗಳ ನಂತರ ಕೆನೆತ್ ಆರೋ ಮತ್ತು ವಿಲಿಯಂ ಕ್ಯಾಪ್ರನ್ ಇದಕ್ಕೆ ಮುಖ್ಯವಾದ ತಿದ್ದುಪಡಿಯೊಂದನ್ನು ಸೇರಿಸಿದರು. ಬೇಡಿಕೆ ಏರುತ್ತಲೇ ಇದ್ದು ಸಂಬಳ ನಿಧಾನವಾಗಿ ಅದರ ಹಿಂದೆ ಏರುತ್ತಿರುವಾಗ, ನಡುವಿನ ಅವಧಿಯಲ್ಲಿ ಕೊರತೆ ವಾಸ್ತವವಾಗಿಯೇ ಇರುತ್ತದೆ ಎಂಬುದು ಅವರ ವಾದ. ನನಗೆ ಈ ಎರಡೂ ವಾದಗಳು ಬೇಕು. ಸಂಬಳ ಏರುತ್ತಿದೆ, ಆದರೆ ಸಾಕಷ್ಟು ಬೇಗ ಏರುತ್ತಿಲ್ಲ ಎಂದಾದರೆ ತರಬೇತಿಗೆ ಅರ್ಥವಿದೆ. ವರ್ಷಗಟ್ಟಲೆ ಸಂಬಳ ನಿಂತಲ್ಲೇ ನಿಂತಿದ್ದು ಕೊರತೆಯ ಮಾತು ಮಾತ್ರ ಮುಂದುವರಿದಿದ್ದರೆ, ಮೊದಲು ಸಂಬಳದ ಪಟ್ಟಿಯನ್ನೇ ತೆರೆದು ನೋಡಬೇಕಾಗುತ್ತದೆ.

ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್‌ಸನ್ 1933ರಲ್ಲಿ ವಿವರಿಸಿದ ಇನ್ನೊಂದು ಸ್ಥಿತಿಯನ್ನು ಸಭೆಗಳಲ್ಲಿ ಹೇಳಿದಾಗಲೆಲ್ಲ ಜನ ಅಚ್ಚರಿಪಡುತ್ತಾರೆ. ಒಂದು ಕಸುಬಿನವರನ್ನು ಕೆಲಸಕ್ಕೆ ಕರೆಯುವ ಮಾಲೀಕರು ಒಬ್ಬರೋ ಇಬ್ಬರೋ ಇರುವಲ್ಲಿ, ಸಂಬಳ ದುಡಿಮೆಯ ಉತ್ಪಾದಕತೆಗಿಂತ ಕೆಳಗೇ ನಿಲ್ಲುತ್ತದೆ. ಆ ಸಂಬಳಕ್ಕೆ ಇನ್ನೂ ಹತ್ತು ಜನ ಬಂದರೆ ಮಾಲೀಕ ಸಂತೋಷದಿಂದ ತೆಗೆದುಕೊಳ್ಳುತ್ತಾನೆ, ಆದರೆ ಆ ಹತ್ತು ಜನಕ್ಕಾಗಿ ಸಂಬಳ ಏರಿಸಿದರೆ ಈಗಾಗಲೇ ಇರುವವರಿಗೂ ಏರಿಸಬೇಕಾಗುತ್ತದೆ, ಆದ್ದರಿಂದ ಏರಿಸುವುದಿಲ್ಲ. ಹುದ್ದೆ ಖಾಲಿಯೇ ಉಳಿಯುತ್ತದೆ, ಕಸುಬು ಬಲ್ಲವರು ಅದೇ ನಗರದಲ್ಲಿ ಬೇರೆ ಕೆಲಸ ಮಾಡಿಕೊಂಡಿರುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಕೌಶಲದ ಕೊರತೆಯಂತೆಯೇ ಕಾಣುತ್ತದೆ.

ಖಾಲಿ ಹುದ್ದೆಗಳೂ ನಿರುದ್ಯೋಗವೂ ಒಟ್ಟೊಟ್ಟಿಗೆ ಏರಿದಾಗ ಹೊಂದಾಣಿಕೆ ತಪ್ಪಿದೆ ಎಂದು ನಾವು ಹೇಳುತ್ತೇವೆ. ಖಾಲಿ ಹುದ್ದೆಗಳ ದರ ಮತ್ತು ನಿರುದ್ಯೋಗದ ದರದ ನಡುವಿನ ನಂಟನ್ನು ತೋರಿಸುವ ಬೆವೆರಿಜ್ ರೇಖೆಯ ಮೇಲೆ ನಗರವನ್ನು ಇಟ್ಟು ನೋಡುವುದು ಈ ಕಾರಣಕ್ಕೇ. ಆದರೆ ಏನು ತಪ್ಪಿದೆ ಎಂಬುದನ್ನು ರೇಖೆ ಹೇಳುವುದಿಲ್ಲ. ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಪಿಸ್ಸಾರಿಡೀಸ್ ಅವರಿಗೆ 2010ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸದ ತಿರುಳು ಕೂಡ, ಕೆಲಸವೂ ಕೆಲಸಗಾರನೂ ಪರಸ್ಪರರನ್ನು ಹುಡುಕಿಕೊಳ್ಳುವುದಕ್ಕೇ ಸಮಯ ಮತ್ತು ಖರ್ಚು ತಗಲುತ್ತದೆ ಎಂಬುದು. ಕೆಲಸ ನಗರದ ಒಂದು ಅಂಚಿನಲ್ಲಿ, ಮನೆ ಇನ್ನೊಂದು ಅಂಚಿನಲ್ಲಿ, ನಡುವೆ ಎರಡು ಬಸ್ಸು. ಮಗುವನ್ನು ನೋಡಿಕೊಳ್ಳುವವರಿಲ್ಲದ ತಾಯಿಗೆ ಆ ಹುದ್ದೆ ಇದ್ದೂ ಇಲ್ಲದ ಹಾಗೆ. ಅವಳು ಕಲಿಯಬೇಕಾದ ಹೊಸ ಕೌಶಲ ಇಲ್ಲಿ ಯಾವುದೂ ಇಲ್ಲ.

ತರಬೇತಿಯ ಖರ್ಚನ್ನು ಯಾರು ಹೊರಬೇಕು ಎಂಬುದರಲ್ಲಿ ನನ್ನ ನಿಲುವು ಸ್ಪಷ್ಟ. ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುವ ಕೌಶಲವನ್ನು ಕಲಿಸಲು ಮಾಲೀಕರು ಹಿಂಜರಿಯುತ್ತಾರೆ, ಕಲಿತವನು ನಾಳೆ ಇನ್ನೊಬ್ಬರ ಬಳಿ ಹೋಗಬಹುದು ಎಂದು ಗ್ಯಾರಿ ಬೆಕರ್ 1960ರ ದಶಕದಲ್ಲೇ ವಿವರಿಸಿದ್ದರು. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಸಾರ್ವಜನಿಕ ಹಣ ಅಲ್ಲಿಗೆ ಬರಬೇಕಾದದ್ದೂ ನ್ಯಾಯವೇ. ಆದರೆ ಒಂದೇ ಕಾರ್ಖಾನೆಯ ಒಂದೇ ಯಂತ್ರವನ್ನು ನಡೆಸುವ ವಿಧಾನವನ್ನೂ ಸಾರ್ವಜನಿಕ ಖರ್ಚಿನಲ್ಲಿ ಕಲಿಸಿಕೊಡಿ ಎಂಬ ಬೇಡಿಕೆ ಬಂದಾಗ, ಅದು ಕೊರತೆಯ ಹೆಸರಿನಲ್ಲಿ ಕಾರ್ಖಾನೆಯ ಖರ್ಚನ್ನು ಸಾರ್ವಜನಿಕರ ಹೆಗಲಿಗೆ ದಾಟಿಸುವ ಬೇಡಿಕೆ. ಅದನ್ನು ನಾನು ಒಪ್ಪುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ. ಇಂದಿನ ಸಂಬಳ ನೋಡಿ ಕೋರ್ಸು ಸೇರುವವರು ಹೊರಬರುವುದು ಕೆಲವು ವರ್ಷಗಳ ನಂತರ, ಎಲ್ಲರೂ ಒಟ್ಟಿಗೆ. ಆಗ ಸಂಬಳ ಕುಸಿಯುತ್ತದೆ, ಮುಂದಿನ ತಂಡದವರು ಆ ಕಡೆ ತಲೆ ಹಾಕುವುದಿಲ್ಲ, ಮತ್ತೆ ಕೊರತೆ. ಅಮೆರಿಕದ ಇಂಜಿನಿಯರಿಂಗ್ ಪದವೀಧರರಲ್ಲಿ ಈ ಏರಿಳಿತವನ್ನು ರಿಚರ್ಡ್ ಫ್ರೀಮನ್ 1970ರ ದಶಕದಲ್ಲಿ ತೋರಿಸಿದ್ದರು.

ಇನ್ನು ನಾವು ಮುಂದಿಡುವ ಅಂಕಿಗಳ ಬಗ್ಗೆ. ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ಸಮೀಕ್ಷೆಯ ವಾರದಲ್ಲಿ ಸಂಬಳಕ್ಕಾಗಿಯೋ ಲಾಭಕ್ಕಾಗಿಯೋ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ; ಕೆಲಸ ಹುಡುಕಿ ಹುಡುಕಿ ಕೈಬಿಟ್ಟವರು ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ಮಾದರಿಯ, ಅಂದರೆ ಸಮೀಕ್ಷೆಗೆ ಆರಿಸಿಕೊಂಡ ಜನರ ಗುಂಪಿನ, ಗಾತ್ರದ್ದು ಇದಕ್ಕಿಂತ ಕಠಿಣ ಸಮಸ್ಯೆ. ದುಡಿಯುವ ಅಥವಾ ಕೆಲಸ ಹುಡುಕುತ್ತಿರುವ 1,000 ಜನರನ್ನು ಸಮೀಕ್ಷೆ ಮಾಡಿ ನಿರುದ್ಯೋಗ ಶೇ. 6 ಎಂದು ಕಂಡರೆ, ಚೀಟಿ ಎತ್ತಿದ ಹಾಗೆ ಎಲ್ಲರಿಗೂ ಸಮಾನ ಅವಕಾಶವಿಟ್ಟು ಆರಿಸಿದ ಸರಳ ಯಾದೃಚ್ಛಿಕ ಮಾದರಿಯಲ್ಲೂ ನಿಜವಾದ ದರ ಸುಮಾರು ಶೇ. 4.5ರಿಂದ 7.5ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಮತ್ತು ಆ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ 4,000 ಜನರನ್ನು ಕೇಳಬೇಕು. ಇಡೀ ದೇಶದ ಸಮೀಕ್ಷೆಯಲ್ಲಿ ಒಂದು ನಗರದ ಪಾಲಿಗೆ ಬರುವ ಮನೆಗಳು ಕೆಲವೇ. ಅವುಗಳಲ್ಲಿ ವೆಲ್ಡರುಗಳು ಬೆರಳೆಣಿಕೆಯಷ್ಟು. ಅಂತಹ ಮಾದರಿಯಿಂದ ಒಂದು ಕಸುಬಿನ ಸಂಬಳದ ಏರಿಳಿತವನ್ನು ದಶಮಾಂಶದವರೆಗೆ ಹೇಳುವ ವರದಿಯನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಅದನ್ನು ನಂಬಿ ಓದು ಆರಿಸಿಕೊಳ್ಳುವ ಮಕ್ಕಳಿದ್ದಾರೆ.

ಈಗ ನಮ್ಮ ಪ್ರಶ್ನಾವಳಿಯಲ್ಲಿ, ಖಾಲಿ ಹುದ್ದೆಯ ಸಂಖ್ಯೆ ಕೇಳುವ ಪ್ರತಿ ಸಾಲಿನ ಪಕ್ಕದಲ್ಲಿ ನಾಲ್ಕು ಅಂಕಣಗಳಿವೆ: ಕೊಡಲು ಒಪ್ಪಿರುವ ಸಂಬಳ, ಮೂರು ವರ್ಷಗಳ ಹಿಂದೆ ಅದೇ ಹುದ್ದೆಗೆ ಕೊಡುತ್ತಿದ್ದ ಸಂಬಳ, ಕೆಲಸದ ಅವಧಿ ಮತ್ತು ನೇಮಕಾತಿ ಖಾಯಮ್ಮೋ ಗುತ್ತಿಗೆಯೋ ಎಂಬುದು. ಅದೇ ಕಸುಬು ಕಲಿತು ಬಿಟ್ಟುಹೋದವರನ್ನು ಹುಡುಕಿ, ಯಾಕೆ ಬಿಟ್ಟಿರಿ ಎಂದು ಕೇಳುವುದಕ್ಕೆ ಪ್ರತ್ಯೇಕ ದಿನಗಳನ್ನು ಇಟ್ಟುಕೊಂಡಿದ್ದೇನೆ. ಇಡೀ ಅಧ್ಯಯನದಲ್ಲಿ ನನಗೆ ಅತಿ ಹೆಚ್ಚು ಕಲಿಸುವ ದಿನಗಳು ಅವೇ. ಸಂಬಳದ ಅಂಕಣವನ್ನು ಹಲವರು ಖಾಲಿ ಬಿಡುತ್ತಾರೆ. ಅಂತಹ ಹುದ್ದೆಗಳನ್ನು ನಾನು ಕೊರತೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಂಬಳ ತಿಳಿಸದ ಹುದ್ದೆಗಳು ಎಂಬ ಬೇರೆಯದೇ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತೇನೆ.